ಹಳೆಯ ಯುದ್ಧವಿಮಾನದ ಕಿಟ್‌ಗಳನ್ನು ಜೋಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧದ ಕಾಲದ ಯುದ್ಧವಿಮಾನಗಳ ಪ್ಲಾಸ್ಟಿಕ್ ಮಾಡೆಲ್‌ಗಳನ್ನು ಜೋಡಿಸುವ ಹವ್ಯಾಸ ಮೈಸೂರಿನಲ್ಲಿ ಅಪರೂಪದ್ದಾದರೂ ಹೊಸದೇನಲ್ಲ. ಚಿಕ್ಕಪ್ಪನೋ ಸೋದರಮಾವನೋ ಹೊರದೇಶದಿಂದ ತಂದುಕೊಟ್ಟ, ಅರ್ಧ ಜೋಡಿಸಿ ಅಟ್ಟಕ್ಕೆ ಸೇರಿಸಿದ ಪೆಟ್ಟಿಗೆಗಳು ಅಗ್ರಹಾರ, ಚಾಮುಂಡಿಪುರಂ, ಸರಸ್ವತಿಪುರಂಗಳ ಹಳೆಯ ಮನೆಗಳನ್ನು ಖಾಲಿ ಮಾಡುವಾಗ ಈಗಲೂ ಸಿಗುತ್ತವೆ. ಅಂಥ ಪೆಟ್ಟಿಗೆಯನ್ನು ಹಿಡಿದು ಬಂದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ, ನಾನು ಕೈಯಾರೆ ಮಾಡಿ ನೋಡಿದ್ದನ್ನು ಆಧರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಹಳೆಯ ಕಿಟ್ಟನ್ನು ಹೊಸ ಕಿಟ್ಟಿನಂತೆ ತೋರಿಸಲು ಹೆಣಗುವುದಕ್ಕಿಂತ, ಅದು ಯಾವ ವಿಮಾನ, ಯಾರು ಹಾರಿಸಿದ್ದು, ಯಾವ ವರ್ಷದ್ದು ಎಂಬುದನ್ನು ಸರಿಯಾಗಿ ಗುರುತಿಸಿ ಅದಕ್ಕೆ ನಿಷ್ಠವಾಗಿ ಜೋಡಿಸುವುದೇ ಹೆಚ್ಚು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಉತ್ತರಗಳೆಲ್ಲ ಆ ನಿಲುವಿನಿಂದಲೇ ಬಂದವು.

ಹಳೆಯ ಕಿಟ್ ಎಂದು ಯಾವುದನ್ನು ಕರೆಯಬೇಕು?

ಪ್ಲಾಸ್ಟಿಕ್ ವಿಮಾನದ ಕಿಟ್ ಯುದ್ಧಕ್ಕೆ ಮೊದಲೇ ಹುಟ್ಟಿತ್ತು; ಇಂಗ್ಲೆಂಡಿನ ಫ್ರಾಗ್ ಸಂಸ್ಥೆ 1936ರಲ್ಲಿಯೇ ಪೆಂಗ್ವಿನ್ ಎಂಬ ಹೆಸರಿನಲ್ಲಿ ಅವುಗಳನ್ನು ಮಾರುತ್ತಿತ್ತು. ಆದರೆ ನಮ್ಮ ಕೈಗೆ ಬರುವವು ಬಹುಪಾಲು 1950ರ ದಶಕದಿಂದ ಈಚೆಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದವು. ಏರ್‌ಫಿಕ್ಸ್ ಬ್ರಿಟನ್ನಿನ ಹೆಸರಾಂತ ಯುದ್ಧವಿಮಾನವಾದ ಸ್ಪಿಟ್‌ಫೈರಿನ ತನ್ನ ಮೊದಲ ಕಿಟ್ಟನ್ನು 1953ರಲ್ಲಿ ತಂದಿತು. ಅಮೆರಿಕದ ಮಾನೊಗ್ರಾಮ್ 1/48 ಅಳತೆಯ, ಅಂದರೆ ನಿಜವಾದ ವಿಮಾನದ ನಲವತ್ತೆಂಟನೆಯ ಒಂದು ಪಾಲು ಉದ್ದದ, ಯುದ್ಧವಿಮಾನಗಳಿಗೆ ಹೆಸರಾಯಿತು. ಮ್ಯಾಚ್‌ಬಾಕ್ಸ್ 1973ರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡು ಮೂರು ಬಣ್ಣದ ಪ್ಲಾಸ್ಟಿಕ್ ಕೊಟ್ಟು, ಬಣ್ಣ ಹಚ್ಚದ ಮಕ್ಕಳಿಗೂ ನೋಡುವಂಥ ವಿಮಾನ ಸಿಗುವಂತೆ ಮಾಡಿತು. 1970ರ ದಶಕದಲ್ಲಿ ಫ್ರಾಗ್ ಬಾಗಿಲು ಹಾಕಿದಾಗ ಅದರ ಹಲವು ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಎಂಬ ಹೆಸರಿನಲ್ಲಿ ಮತ್ತೆ ಹೊರಬಂದವು. ಜರ್ಮನಿ ಮತ್ತು ಜಪಾನಿನ ವಿಮಾನಗಳ ಅಚ್ಚುಗಳನ್ನು ಸೋವಿಯತ್ತಿನವರು ಒಯ್ಯದ ಕಾರಣ ಅವು ರೆವೆಲ್ ಸಂಸ್ಥೆಯ ಪಾಲಾದವು.

ಇಷ್ಟು ಹೇಳಲು ಕಾರಣವಿದೆ. ಪೆಟ್ಟಿಗೆಯ ಮೇಲಿನ ವರ್ಷ ಅಚ್ಚಿನ ವರ್ಷವಲ್ಲ. ಒಂದೇ ಅಚ್ಚು ಮೂವತ್ತು ನಲವತ್ತು ವರ್ಷಗಳ ಕಾಲ ಹೊಸ ಹೊಸ ಚಿತ್ರದ ಪೆಟ್ಟಿಗೆಯಲ್ಲಿ ಬರುತ್ತಲೇ ಇರುತ್ತದೆ. ರೆಕ್ಕೆಯ ಮೇಲೆ ಬೆರಳಾಡಿಸಿದಾಗ ಗೆರೆಗಳು ಉಬ್ಬಾಗಿ ಸಿಕ್ಕಿದರೆ, ರಿವೆಟ್ಟುಗಳು ಸಾಸಿವೆ ಉದುರಿಸಿದಂತೆ ಎದ್ದು ನಿಂತಿದ್ದರೆ, ಪೈಲಟ್ ಕುಳಿತುಕೊಳ್ಳುವ ಜಾಗದಲ್ಲಿ ಒಂದು ಆಸನ ಬಿಟ್ಟು ಬೇರೇನೂ ಇಲ್ಲದಿದ್ದರೆ, ಪೆಟ್ಟಿಗೆ ಎಷ್ಟೇ ಹೊಸದಾಗಿ ಕಂಡರೂ ಒಳಗಿರುವುದು ಹಳೆಯ ಕಿಟ್ ಎಂದೇ ತಿಳಿಯಬೇಕು.

ಸೀಲು ಒಡೆಯದ ಹಳೆಯ ಪೆಟ್ಟಿಗೆ ಸಿಕ್ಕಿದೆ. ಜೋಡಿಸಬೇಕೆ, ಹಾಗೆಯೇ ಇಡಬೇಕೆ?

ಜೋಡಿಸಿ. ಸಂಗ್ರಹಕಾರರು ಕೆಲವು ಪೆಟ್ಟಿಗೆಗಳಿಗೆ ಒಳ್ಳೆಯ ಬೆಲೆ ಕೊಡುವುದು ನಿಜ. ಮೊದಮೊದಲ ಮುದ್ರಣದ, ಚಿತ್ರ ಮಾಸದ ಪೆಟ್ಟಿಗೆಯಾದರೆ ತಿಳಿದವರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಆದರೆ ನಮ್ಮ ಮನೆಗಳಲ್ಲಿ ಸಿಗುವವು ಸಾಮಾನ್ಯವಾಗಿ ಲಕ್ಷಗಟ್ಟಲೆ ತಯಾರಾದ ಕಿಟ್‌ಗಳೇ. ಅವುಗಳನ್ನು ಮಾಡಿದ್ದು ಜೋಡಿಸಲೆಂದು. ಪೆಟ್ಟಿಗೆಯ ಮುಚ್ಚಳವನ್ನೂ ಸೂಚನೆಯ ಹಾಳೆಯನ್ನೂ ಎಸೆಯದೆ ಕಾಪಾಡಿದರೆ ಚರಿತ್ರೆಗೂ ನ್ಯಾಯ ಸಲ್ಲುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಾವುದು?

ಎಣಿಸುವುದು, ಅಳೆಯುವುದು, ತೊಳೆಯುವುದು, ಈ ಕ್ರಮದಲ್ಲಿ. ಸೂಚನೆಯ ಹಾಳೆಯೊಡನೆ ಬಿಡಿಭಾಗಗಳನ್ನು ಹೋಲಿಸಿ ನೋಡಿ. ಕಳಚಿ ಬಿದ್ದ ಚಿಕ್ಕ ಭಾಗಗಳು ಪೆಟ್ಟಿಗೆಯ ಮೂಲೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿರುವುದುಂಟು. ಬಳಿಕ ರೆಕ್ಕೆಯ ಉದ್ದವನ್ನು ಅಳೆಯಿರಿ. ನಿಜವಾದ ಸ್ಪಿಟ್‌ಫೈರಿನ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್, ಅಂದರೆ 1/72 ಅಳತೆಯಲ್ಲಿ ಸುಮಾರು 15.6 ಸೆಂಟಿಮೀಟರ್, 1/48 ಅಳತೆಯಲ್ಲಿ ಸುಮಾರು 23.4 ಸೆಂಟಿಮೀಟರ್ ಬರಬೇಕು. ಮೊದಲ ಕಾಲದ ಕೆಲವು ಕಿಟ್‌ಗಳನ್ನು ಪೆಟ್ಟಿಗೆಯ ಗಾತ್ರಕ್ಕೆ ಹೊಂದುವಂತೆ ಮಾಡಿದ್ದರಿಂದ ಅವು ಯಾವ ಅಳತೆಗೂ ಸರಿಹೊಂದುವುದಿಲ್ಲ. ಈ ವಿಷಯ ಮೊದಲೇ ಗೊತ್ತಾದರೆ ಬೇರೆ ಕಿಟ್ಟಿನ ಡೆಕಾಲ್, ಅಂದರೆ ನೀರಿನಲ್ಲಿ ಅದ್ದಿ ಅಂಟಿಸುವ ಗುರುತಿನ ಚಿತ್ರ, ತಂದು ಅಂಟಿಸಲು ಹೋಗಿ ನಿರಾಶರಾಗುವುದು ತಪ್ಪುತ್ತದೆ.

ತೊಳೆಯುವುದು ಏಕೆಂದರೆ ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಡಲೆಂದು ಹಚ್ಚಿದ ಎಣ್ಣೆಯಂಥ ಪದಾರ್ಥ ಇನ್ನೂ ಮೇಲ್ಮೈಯಲ್ಲಿ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ಉಜ್ಜಿ, ನೆರಳಿನಲ್ಲಿ ಒಣಗಿಸಿ. ಬೇಸಿಗೆಯಲ್ಲಿ ತಾರಸಿಯ ಬಿಸಿಲಿಗಿಟ್ಟರೆ ತೆಳ್ಳನೆಯ ಭಾಗಗಳು ಸೊಟ್ಟಗಾಗುತ್ತವೆ. ತೊಳೆಯುವಾಗ ಕೆಳಗೊಂದು ಚಹಾ ಜರಡಿ ಇರಲಿ. ಬಚ್ಚಲಿಗೆ ಹೋದ ಚಕ್ರ ಮರಳಿ ಬರುವುದಿಲ್ಲ.

ರೆಕ್ಕೆ ಸೊಟ್ಟಗಾಗಿದೆ. ಸರಿಪಡಿಸಬಹುದೇ?

ಹೆಚ್ಚಿನ ಸಲ ಸಾಧ್ಯವಿದೆ. ಕುದಿಯುವ ನೀರಲ್ಲ, ಕೈ ಅದ್ದಿದರೆ ಕೂಡಲೇ ಹಿಂತೆಗೆಯುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಅರ್ಧ ನಿಮಿಷ ಅದ್ದಿ, ನಿಧಾನವಾಗಿ ಎದುರು ದಿಕ್ಕಿಗೆ ಬಾಗಿಸಿ, ಹಾಗೆಯೇ ಹಿಡಿದು ತಣ್ಣೀರಿಗೆ ಇಳಿಸಿ. ಒಂದೇ ಸಲಕ್ಕೆ ನೇರವಾಗಬೇಕೆಂದು ಬಲ ಹಾಕಬೇಡಿ. ಮೂರು ನಾಲ್ಕು ಸಲ ಮಾಡಿ. ರೆಕ್ಕೆಯ ಮೇಲ್ಭಾಗ ಮತ್ತು ಕೆಳಭಾಗ ಬೇರೆ ಬೇರೆಯಾಗಿದ್ದು ಅಲ್ಪಸ್ವಲ್ಪವೇ ಸೊಟ್ಟಗಿದ್ದರೆ, ಎರಡನ್ನೂ ಸೇರಿಸಿ ಅಂಟಿಸಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಹಾಕಿಟ್ಟರೆ ತಾವಾಗಿಯೇ ಸರಿಯಾಗುತ್ತವೆ.

ಯಾವ ಅಂಟು ಬಳಸಬೇಕು?

ಪಾಲಿಸ್ಟೈರೀನ್ ಸಿಮೆಂಟ್ ಎಂದು ಹವ್ಯಾಸದ ಅಂಗಡಿಗಳಲ್ಲಿ ಸಿಗುವ ತೆಳ್ಳನೆಯ ದ್ರವವೇ ಮುಖ್ಯ ಅಂಟು. ಅದು ಗೋಂದಿನಂತೆ ನಡುವೆ ಕುಳಿತು ಹಿಡಿಯುವುದಿಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿ ಬೆಸೆಯುತ್ತದೆ. ಆದ್ದರಿಂದ ಭಾಗಗಳನ್ನು ಮೊದಲು ಜೋಡಿಸಿ ಹಿಡಿದು, ಕೂಡುಗೆರೆಗೆ ಕುಂಚದ ತುದಿ ಮುಟ್ಟಿಸಿದರೆ ಸಾಕು, ದ್ರವ ತಾನೇ ಸಂದಿನೊಳಗೆ ಹರಿಯುತ್ತದೆ. ಪೆಟ್ಟಿಗೆಯಲ್ಲಿ ಬಂದ ಹಳೆಯ ಟ್ಯೂಬಿನ ಅಂಟು ಗಟ್ಟಿಯಾಗಿರುತ್ತದೆ, ಅದನ್ನು ಎಸೆಯಿರಿ.

ಗಾಜಿನಂಥ ಮುಚ್ಚಿಗೆಗೆ, ಅಂದರೆ ಕ್ಯಾನಪಿಗೆ, ಈ ಸಿಮೆಂಟೂ ಬೇಡ, ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಹರಿಕೇನ್ ಎಂಬ ಬ್ರಿಟಿಷ್ ಯುದ್ಧವಿಮಾನದ ಮಾಡೆಲ್ ಒಂದರ ಕ್ಯಾನಪಿಯನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಸೂಪರ್ ಗ್ಲೂ ಹಾಕಿ ಕೂರಿಸಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಒಳಗಡೆಯಿಂದ ಹಾಲಿನ ಕೆನೆಯಂಥ ಮಬ್ಬು ಹರಡಿತ್ತು. ಎರಡು ದಿನ ಕೂತು ಬಣ್ಣ ಹಚ್ಚಿದ ಪೈಲಟ್ಟಿನ ಮುಖ ಆ ಮಬ್ಬಿನ ಹಿಂದೆ ಮರೆಯಾಗಿತ್ತು. ಆ ಗೋಂದಿನ ಆವಿ ಮುಚ್ಚಿದ ಜಾಗದಲ್ಲಿ ಹೀಗೆಯೇ ಬಿಳಿಯಾಗಿ ಕೂರುತ್ತದೆ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ಮರ ಅಂಟಿಸುವ ಬಿಳಿಯ ಫೆವಿಕಾಲ್ ಸಾಕು. ಅದು ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ತಪ್ಪಾದರೆ ಬಿಡಿಸಿ ಮತ್ತೆ ಕೂರಿಸಲೂಬಹುದು.

ಭಾಗಗಳ ನಡುವೆ ಸಂದು ಬೀಳುತ್ತದೆ. ಏನು ಮಾಡಬೇಕು?

ಹಳೆಯ ಕಿಟ್‌ಗಳಲ್ಲಿ ಸಂದು ಬೀಳದಿದ್ದರೆ ಅದು ಆಶ್ಚರ್ಯ. ಅಚ್ಚಿನ ಅಂಚಿನಿಂದ ಸೋರಿ ಹೆಪ್ಪುಗಟ್ಟಿದ ತೆಳುಪೊರೆಯನ್ನು ಬ್ಲೇಡಿನಿಂದ ಕೆರೆದು, ಅಂಟು ಹಾಕದೆ ಒಮ್ಮೆ ಜೋಡಿಸಿ ನೋಡಿದರೆ ಅರ್ಧದಷ್ಟು ಸಂದುಗಳು ಹಾಗೆಯೇ ಮುಚ್ಚಿಕೊಳ್ಳುತ್ತವೆ. ಉಳಿದವುಗಳಲ್ಲಿ ಮುಖ್ಯವಾದದ್ದು ರೆಕ್ಕೆ ದೇಹಕ್ಕೆ ಸೇರುವ ಜಾಗ. ಅಲ್ಲಿ ಪುಟ್ಟಿ ತುಂಬುವ ಮೊದಲು ರೆಕ್ಕೆಯ ಏರನ್ನು ಪರೀಕ್ಷಿಸಿ. ಸ್ಪಿಟ್‌ಫೈರಿನ ರೆಕ್ಕೆಗಳು ಬುಡದಿಂದ ತುದಿಗೆ ಸುಮಾರು 6 ಡಿಗ್ರಿ ಮೇಲೇರಬೇಕು. ಹಳೆಯ ಕಿಟ್‌ಗಳಲ್ಲಿ ಅದು ಚಪ್ಪಟೆಯಾಗಿಬಿಡುವುದೇ ಹೆಚ್ಚು, ಹಾಗಾದಾಗ ವಿಮಾನ ಸುಸ್ತಾಗಿ ನಿಂತಂತೆ ಕಾಣುತ್ತದೆ. ಎರಡು ತುದಿಗಳನ್ನು ಮೇಲೆತ್ತಿ, ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಗಿಯಾಗಿ ಎಳೆದು ಕಟ್ಟಿ ರಾತ್ರಿಯಿಡೀ ಬಿಟ್ಟರೆ ಏರೂ ಸರಿಯಾಗುತ್ತದೆ, ಬುಡದ ಸಂದೂ ಕಿರಿದಾಗುತ್ತದೆ.

ಉಳಿದ ಸಂದಿಗೆ ಮಾಡೆಲ್ ಪುಟ್ಟಿ ತುಂಬಿ, ಒಣಗಿದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕೊಡುವ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ. 400ರಿಂದ ಆರಂಭಿಸಿ 600, 1000 ಎಂದು ನಯದ ಕಡೆಗೆ ಹೋಗಿ. ಒಣ ಕಾಗದದಲ್ಲಿ ಉಜ್ಜಿದರೆ ಪುಡಿ ಮೂಗಿಗೆ ಹೋಗುತ್ತದೆ. ಒದ್ದೆಯಾಗಿ ಉಜ್ಜುವುದು ಆರೋಗ್ಯಕ್ಕೂ ಒಳ್ಳೆಯದು, ಮಾಡೆಲ್ಲಿಗೂ ಒಳ್ಳೆಯದು. ಗೋಡೆಗೆ ಬಳಿಯುವ ಪುಟ್ಟಿ ಪ್ಲಾಸ್ಟಿಕ್ಕಿಗೆ ಕಚ್ಚುವುದಿಲ್ಲ, ಅದನ್ನು ಬಳಸಬೇಡಿ.

ಉಬ್ಬುಗೆರೆಗಳನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಗೆರೆ ಕೊರೆಯಬೇಕೆ?

ಈ ಪ್ರಶ್ನೆಗೆ ಬಹಳ ಮಂದಿ ಹೌದು ಎನ್ನುತ್ತಾರೆ, ನಾನು ಬೇಡ ಎನ್ನುತ್ತೇನೆ. ಲೋಹದ ತಗಡುಗಳು ಕೂಡುವ ಕಡೆ ನಿಜವಾದ ವಿಮಾನದಲ್ಲಿ ಇರುವುದು ಕೂದಲೆಳೆಯಷ್ಟು ಸಂದು. 1/72 ಅಳತೆಯ ಮಾಡೆಲ್ಲಿನಲ್ಲಿ 0.2 ಮಿಲಿಮೀಟರ್ ಅಗಲದ ಗೆರೆ ಕೊರೆದರೆ ಅದು ನಿಜವಾದ ವಿಮಾನದಲ್ಲಿ 14 ಮಿಲಿಮೀಟರಿಗೂ ಹೆಚ್ಚು ಅಗಲದ ಚರಂಡಿಯಾಗುತ್ತದೆ. ಅಂದರೆ ಉಬ್ಬುಗೆರೆಯೂ ಸುಳ್ಳು, ಕೊರೆದ ಗೆರೆಯೂ ಸುಳ್ಳು. ಯಾವುದು ಕಡಿಮೆ ಕಣ್ಣಿಗೆ ಹೊಡೆಯುತ್ತದೆಯೋ ಅದೇ ಹೆಚ್ಚು ನಿಜಕ್ಕೆ ಹತ್ತಿರ. ಸಣ್ಣನೆಯ ಉಬ್ಬುಗೆರೆಯನ್ನು 1000 ನಂಬರಿನ ಕಾಗದದಿಂದ ನಾಲ್ಕು ಸಲ ಸವರಿ ತಗ್ಗಿಸಿ, ಮೇಲೆ ಬಣ್ಣ ಬಿದ್ದರೆ ಅದು ಇದೆಯೋ ಇಲ್ಲವೋ ಎಂಬಂತಾಗುತ್ತದೆ, ಅಷ್ಟೇ ಬೇಕಾಗಿರುವುದು. ಅರ್ಧ ಮಿಲಿಮೀಟರಿನ ರಿವೆಟ್ಟು ನಿಜದಲ್ಲಿ 36 ಮಿಲಿಮೀಟರಿನ ಗುಬುಟಾಗುವುದರಿಂದ ಅವುಗಳನ್ನು ಮಾತ್ರ ಸಂಕೋಚವಿಲ್ಲದೆ ಉಜ್ಜಿ ತೆಗೆಯಿರಿ.

ಕೊರೆಯಲೇಬೇಕಾದ ಕೆಲವು ಗೆರೆಗಳಿವೆ. ರೆಕ್ಕೆಯ ಹಿಂಬದಿಯ ಏಲರಾನ್, ಬಾಲದ ರಡ್ಡರ್ ಮತ್ತು ಎಲಿವೇಟರ್‌ಗಳು ನಿಜವಾಗಿಯೂ ಅಲುಗಾಡುವ ಭಾಗಗಳಾದ್ದರಿಂದ ಅವುಗಳ ಗೆರೆ ಆಳವಾಗಿರಬೇಕು. ದಪ್ಪ ಪ್ಲಾಸ್ಟಿಕ್ ಟೇಪನ್ನು ಅಳತೆಕೋಲಿನಂತೆ ಅಂಟಿಸಿ, ಹಿಡಿಗೆ ಸಿಕ್ಕಿಸಿದ ಹೊಲಿಗೆ ಸೂಜಿಯನ್ನು ಅದರ ಅಂಚಿನಲ್ಲಿ ಭಾರ ಹಾಕದೆ ಹತ್ತಾರು ಸಲ ಎಳೆಯಿರಿ. ಮೊದಲ ಎರಡು ಎಳೆತದಲ್ಲಿ ಬಲ ಹಾಕಿದರೆ ಸೂಜಿ ಜಾರಿ ರೆಕ್ಕೆಯ ಮೇಲೆ ಗೀಟು ಬೀಳುತ್ತದೆ. ನಮ್ಮ ಊರಿನ ಬೀಟೆ ಮರದ ಕೆತ್ತನೆಯವರು ಕೈಗೆ ಬಲ ಕೊಡದೆ ಹತ್ಯಾರಿನ ಮೊನೆಗೆ ಕೆಲಸ ಬಿಡುವುದನ್ನು ಒಮ್ಮೆ ಕುಳಿತು ನೋಡಿದರೆ ಇದು ಬೇಗ ಅರ್ಥವಾಗುತ್ತದೆ.

ಮೈಸೂರಿಗೆ ಸಂಬಂಧಪಟ್ಟ ವಿಮಾನ ಯಾವುದಾದರೂ ಇದೆಯೇ?

ಇದೆ, ಮತ್ತು ಅದು ಹೆಚ್ಚು ಜನರಿಗೆ ಗೊತ್ತಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ 1941ರ ಜೂನ್‌ನಲ್ಲಿ ಮರುಸ್ಥಾಪನೆಯಾದ 129ನೆಯ ಸ್ಕ್ವಾಡ್ರನ್ನಿನ ಪೂರ್ಣ ಹೆಸರು 129 ಮೈಸೂರು ಸ್ಕ್ವಾಡ್ರನ್. ಮೈಸೂರು ಸಂಸ್ಥಾನದ ಕೊಡುಗೆಯ ಗೌರವಾರ್ಥ ಆ ಹೆಸರು ಬಂತು. ಅದರ ಲಾಂಛನದಲ್ಲಿ ಇದ್ದದ್ದು ನಮ್ಮ ಗಂಡಭೇರುಂಡ. ಅರಮನೆಯ ಕಮಾನುಗಳ ಮೇಲೆ ನಾವು ದಿನವೂ ನೋಡುವ ಎರಡು ತಲೆಯ ಹಕ್ಕಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಹಾರಿದ ಪೈಲಟ್‌ಗಳ ಗುರುತಾಗಿತ್ತು.

ಆ ಸ್ಕ್ವಾಡ್ರನ್ 1941ರ ಕೊನೆಯ ಹೊತ್ತಿಗೆ ಸ್ಪಿಟ್‌ಫೈರಿನ ಐದನೆಯ ಮಾದರಿಯನ್ನು ಹಾರಿಸುತ್ತಿತ್ತು. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಭಾಗವಹಿಸಿತು. 1943ರಲ್ಲಿ ಒಂಬತ್ತನೆಯ ಮಾದರಿಗೆ ಬದಲಾಯಿತು. 1944ರಲ್ಲಿ ಅಮೆರಿಕದ ಮಸ್ಟಾಂಗ್‌ ಯುದ್ಧವಿಮಾನದ ಮೂರನೆಯ ಮಾದರಿಯನ್ನು ಪಡೆದು, ಲಂಡನ್ನಿನ ಕಡೆಗೆ ಬರುತ್ತಿದ್ದ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿ ಹೊಡೆಯಿತು. ವಿಮಾನದ ಪಕ್ಕದಲ್ಲಿ ಬರೆಯುತ್ತಿದ್ದ ಅದರ ಗುರುತಿನ ಅಕ್ಷರಗಳು ಡಿ ಮತ್ತು ವಿ. ಹೀಗಾಗಿ ಹಳೆಯ ಸ್ಪಿಟ್‌ಫೈರ್ ಕಿಟ್ ಇರುವ ಮೈಸೂರಿನವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಪೆಟ್ಟಿಗೆಯಲ್ಲಿ ಕೊಟ್ಟ ಗುರುತುಗಳನ್ನು ಬದಿಗಿಟ್ಟು ಈ ಗುರುತಿನಲ್ಲಿ ಒಂದನ್ನು ಜೋಡಿಸಿ.

ಅದಕ್ಕೆ ಮೊದಲು ನಿಮ್ಮ ಕಿಟ್ ಯಾವ ಮಾದರಿ ಎಂದು ಖಚಿತಪಡಿಸಿಕೊಳ್ಳಬೇಕು. ಪೆಟ್ಟಿಗೆಯ ಚಿತ್ರವನ್ನು ನಂಬದೆ ರೆಕ್ಕೆಯನ್ನು ತಿರುಗಿಸಿ ಕೆಳಭಾಗ ನೋಡಿ. ಐದನೆಯ ಮಾದರಿಯಲ್ಲಿ ಬಲರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರ್, ಎಡರೆಕ್ಕೆಯ ಕೆಳಗೆ ಎಣ್ಣೆ ತಂಪಾಗಿಸುವ ಚಿಕ್ಕ ದುಂಡು ಗೂಡು ಇರುತ್ತದೆ, ಪ್ರೊಪೆಲ್ಲರಿಗೆ ಮೂರು ಅಲಗು. ಒಂಬತ್ತನೆಯ ಮಾದರಿಯಲ್ಲಿ ಎರಡೂ ರೆಕ್ಕೆಯ ಕೆಳಗೆ ಸಮನಾದ ದೊಡ್ಡ ಗೂಡುಗಳು, ಪ್ರೊಪೆಲ್ಲರಿಗೆ ನಾಲ್ಕು ಅಲಗು, ಮೂತಿಯೂ ಉದ್ದ. ಮಸ್ಟಾಂಗ್‌ನಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಮಸ್ಟಾಂಗ್ ಕಿಟ್‌ಗಳಲ್ಲಿ ಬಹಳಷ್ಟು ನೀರ್ಗುಳ್ಳೆಯಂಥ ಕ್ಯಾನಪಿ ಇರುವ ಪಿ-51 ಡಿ ಮಾದರಿಯವು; ಮೈಸೂರು ಸ್ಕ್ವಾಡ್ರನ್ ಹಾರಿಸಿದ ಮೂರನೆಯ ಮಾದರಿಗೆ ಕ್ಯಾನಪಿಯ ಹಿಂದೆ ಎತ್ತರದ ಬೆನ್ನು ಇತ್ತು. ಡಿ ಮಾದರಿಯ ಮೇಲೆ ಆ ಅಕ್ಷರಗಳನ್ನು ಅಂಟಿಸಿದರೆ ಅದು ಎಂದೂ ಇಲ್ಲದ ವಿಮಾನವಾಗುತ್ತದೆ.

ಬಣ್ಣದ ವಿಷಯವೂ ಹಾಗೆಯೇ. 1940ರ ಬೇಸಿಗೆಯ ಸ್ಪಿಟ್‌ಫೈರ್ ಮೇಲೆ ಹಸಿರು ಮತ್ತು ಮಣ್ಣುಗಂದು ಬಣ್ಣದ್ದು. 1941ರ ಆಗಸ್ಟಿನಿಂದ ಬ್ರಿಟನ್ನಿನ ಹಗಲು ಯುದ್ಧವಿಮಾನಗಳಿಗೆ ಮೇಲೆ ಕಡುಹಸಿರು ಮತ್ತು ಓಷನ್ ಗ್ರೇ, ಕೆಳಗೆ ಮೀಡಿಯಂ ಸೀ ಗ್ರೇ ಎಂಬ ಎರಡು ಬೂದಿಗಳು ಬಂದವು. ಜೊತೆಗೆ ಬಾಲದ ಮುಂದೆ ತೆಳು ಹಸಿರುಛಾಯೆಯ ಸ್ಕೈ ಬಣ್ಣದ ಪಟ್ಟಿ, ಮೂತಿಯ ಸ್ಪಿನ್ನರ್ ಮತ್ತು ಅಕ್ಷರಗಳಿಗೂ ಅದೇ ಬಣ್ಣ, ರೆಕ್ಕೆಯ ಮುಂದಂಚಿಗೆ ಹಳದಿ. ಮೈಸೂರಿನ ಸ್ಪಿಟ್‌ಫೈರ್ ಐದನೆಯ ಮಾದರಿಗೆ ಒಪ್ಪುವುದು ಈ ಬೂದಿಯ ಬಣ್ಣಗಳೇ. ಗಂಡಭೇರುಂಡವನ್ನು ವಿಮಾನದ ಮೈಮೇಲೆ ಬರೆಯಲು ಅನೇಕರಿಗೆ ಆಸೆಯಾಗುತ್ತದೆ. ನೀವು ಜೋಡಿಸುತ್ತಿರುವ ವಿಮಾನದ ಫೋಟೊದಲ್ಲಿ ಅದು ಕಾಣದೆ ಹಾಗೆ ಮಾಡಬೇಡಿ. ಮಾಡೆಲ್ ನಿಲ್ಲಿಸುವ ಮರದ ಪೀಠದ ಮೇಲೆ ಬರೆಯಿರಿ, ಅಲ್ಲಿ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಭಾರತೀಯ ವಾಯುಪಡೆಯ ವಿಮಾನ ಮಾಡಲು ಹಳೆಯ ಕಿಟ್ ಬಳಸಬಹುದೇ?

ಖಂಡಿತ. 1944ರಲ್ಲಿ ಇಂಫಾಲದ ಕಾಳಗದಲ್ಲಿ ಅರ್ಜನ್ ಸಿಂಗ್ ನೇತೃತ್ವದ ಒಂದನೆಯ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್. ಬರ್ಮಾ ರಂಗದ ವಿಮಾನಗಳಲ್ಲಿ ಗಮನಿಸಬೇಕಾದ ಒಂದು ಮುಖ್ಯ ವ್ಯತ್ಯಾಸವಿದೆ. ಜಪಾನಿನ ಕೆಂಪು ಸೂರ್ಯನ ಗುರುತಿನೊಡನೆ ಗೊಂದಲವಾಗದಿರಲೆಂದು ಇಲ್ಲಿನ ವಿಮಾನಗಳ ರೆಕ್ಕೆ ಮತ್ತು ಮೈಮೇಲಿನ ದುಂಡು ಗುರುತಿನಿಂದ, ಅಂದರೆ ವೃತ್ತಚಿಹ್ನೆಯಿಂದ, ಕೆಂಪನ್ನು ಪೂರ್ತಿ ತೆಗೆದು, ಕಡುನೀಲಿಯ ಬಳೆಯ ನಡುವೆ ತಿಳಿನೀಲಿಯ ಬೊಟ್ಟು ಇಟ್ಟರು. ಪೆಟ್ಟಿಗೆಯ ಕೆಂಪು ಬೊಟ್ಟಿನ ಡೆಕಾಲ್ ಅಂಟಿಸಿ ಮೇಲೆ ತಿಳಿನೀಲಿ ಹಚ್ಚಿದರೂ ನಡೆಯುತ್ತದೆ.

ನಮ್ಮ ರಾಜ್ಯದ ನೆಲದಲ್ಲೇ ಜೋಡಿಸಿದ ಯುದ್ಧವಿಮಾನ ಬೇಕೆನ್ನುವವರಿಗೆ ಕರ್ಟಿಸ್ ಹಾಕ್ ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ 1942ರಲ್ಲಿ ಹಾಕ್ ಹಾರಿತು. ಫ್ರಾನ್ಸಿನ ಹೆಲ್ಲರ್ ಸಂಸ್ಥೆಯ ಹಳೆಯ ಹಾಕ್ 75 ಕಿಟ್ ಎಲ್ಲಾದರೂ ಕಂಡರೆ ಬಿಡಬೇಡಿ.

ಮನೆಗೆ ಹಚ್ಚುವ ಎನಾಮಲ್ ಬಣ್ಣ ಬಳಸಬಹುದೇ?

ಬಣ್ಣ ಮತ್ತು ವಾರ್ನಿಷ್ ತಯಾರಿಸುವ ಕಾರ್ಖಾನೆ 1937ರಿಂದ ಊರಿನಲ್ಲೇ ಇರುವುದರಿಂದ ಈ ಪ್ರಶ್ನೆ ಮೈಸೂರಿನಲ್ಲಿ ಸಹಜವಾಗಿಯೇ ಬರುತ್ತದೆ. ಬಾಗಿಲಿಗೂ ಗ್ರಿಲ್ಲಿಗೂ ಹಚ್ಚುವ ಬಣ್ಣ ಮಳೆಬಿಸಿಲು ತಡೆಯಲೆಂದು ದಪ್ಪವಾಗಿ ಕೂರುವಂಥದ್ದು. ಹತ್ತನೆಯ ಒಂದು ಮಿಲಿಮೀಟರ್ ದಪ್ಪ ಕೂತರೂ 1/72 ಅಳತೆಯಲ್ಲಿ ಅದು 7 ಮಿಲಿಮೀಟರ್ ದಪ್ಪದ ಗಾರೆಯಂತಾಗಿ ಇರುವ ವಿವರವನ್ನೆಲ್ಲ ನುಂಗುತ್ತದೆ. ಆದ್ದರಿಂದ ಮಾಡೆಲ್‌ಗೆಂದೇ ತಯಾರಾದ ಬಣ್ಣ ಬಳಸಿ. ಕುಂಚ ಮಾತ್ರ ನಮ್ಮೂರಿನದ್ದೇ ಒಳ್ಳೆಯದು. ಮೈಸೂರು ಶೈಲಿಯ ಚಿತ್ರ ಬರೆಯುವವರು ಬಳಸುವ ಸಣ್ಣ ಕೂದಲಿನ ಕುಂಚಗಳಿಗಿಂತ ಉತ್ತಮವಾದದ್ದು ಪೈಲಟ್ಟಿನ ಮುಖಕ್ಕೆ ಬೇರೊಂದಿಲ್ಲ.

ಹವೆಯನ್ನು ನೋಡಿ ಕೆಲಸ ಮಾಡಿ. ಮುಂಗಾರಿನ ತಿಂಗಳುಗಳಲ್ಲಿ ಎನಾಮಲ್ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ, ಸ್ಪ್ರೇ ಮಾಡಿದ ವಾರ್ನಿಷ್ ಗಾಳಿಯ ತೇವಕ್ಕೆ ಬೆಳ್ಳಗೆ ಮಂಕಾಗುತ್ತದೆ. ಮಳೆ ಬಿಡುವು ಕೊಟ್ಟ ಮಧ್ಯಾಹ್ನಕ್ಕೆ ಕಾಯಿರಿ. ಏಪ್ರಿಲ್‌ನಲ್ಲಿ ಅಕ್ರಿಲಿಕ್ ಬಣ್ಣ ಕುಂಚದಲ್ಲೇ ಒಣಗುತ್ತದೆ. ಬೆಳಗಿನ ಜಾವ ಹಚ್ಚಿ. ಮಂಡ್ಯದ ಕಡೆಯ ಗೆಳೆಯರಿಗೆ ಇನ್ನೊಂದು ತೊಂದರೆಯಿದೆ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಸೋಗೆ ಸುಡುವಾಗ ಕರಿಯ ಬೂದಿಯ ಎಸಳು ಗಾಳಿಯಲ್ಲಿ ತೇಲಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ. ಹಚ್ಚಿದ ಕೂಡಲೇ ಅಗಲ ಬಾಯಿಯ ಪಾತ್ರೆಯೊಂದನ್ನು ಮೇಲೆ ಬೋರಲು ಹಾಕಿ, ಅಡಿಯಲ್ಲಿ ಎರಡು ಬೆಂಕಿಕಡ್ಡಿ ಇಟ್ಟು ಗಾಳಿಗೆ ಸಂದು ಬಿಡಿ.

ಡೆಕಾಲ್ ಹಳದಿಯಾಗಿದೆ. ನೀರಿಗೆ ಹಾಕಿದರೆ ಚೂರಾಗುವುದೇ?

ಎರಡೂ ಬೇರೆ ಬೇರೆ ರೋಗಗಳು, ಎರಡಕ್ಕೂ ಮದ್ದಿದೆ. ಹಳದಿಯಾದದ್ದಕ್ಕೆ ಬಿಸಿಲೇ ಮದ್ದು. ಹಾಳೆಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಚಿತ್ರವಿರುವ ಬದಿ ಹೊರಮುಖವಾಗಿ ಕಿಟಕಿಯ ಗಾಜಿಗೆ ಅಂಟಿಸಿ ಬಿಡಿ. ಶಿವರಾತ್ರಿಯ ಆಸುಪಾಸಿನ ಬಿಸಿಲಿನಲ್ಲಿ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಎರಡು ವಾರಕ್ಕೆ ಅರಿಶಿನದ ಬಣ್ಣ ಬಹುಪಾಲು ಇಳಿದಿತ್ತು. ಎರಡು ದಿನಕ್ಕೊಮ್ಮೆ ನೋಡುತ್ತಿರಿ, ಏಕೆಂದರೆ ಬಿಸಿಲು ಹೆಚ್ಚಾದರೆ ಕೆಂಪು ಬಣ್ಣವೂ ಮಾಸುತ್ತದೆ.

ಚೂರಾಗುವ ರೋಗ ಹೊರಗಿನಿಂದ ಕಾಣುವುದಿಲ್ಲ. ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ವೃತ್ತಚಿಹ್ನೆಯೊಂದನ್ನು ಅದ್ದಿದಾಗ ಮೊದಲ ಕಾಲು ನಿಮಿಷ ಏನೂ ಆಗಲಿಲ್ಲ. ಕಾಗದ ಸುರುಳಿಯಾಗಿ ಮತ್ತೆ ಬಿಚ್ಚಿಕೊಂಡಿತು. ಬೆರಳಿನಿಂದ ತಳ್ಳಿದೊಡನೆ ಕೆಂಪು ಬೊಟ್ಟಿನ ನಡುವೆ ಕೂದಲಿನಂಥ ಬಿರುಕು ಕಾಣಿಸಿ, ನೀಲಿಯ ಬಳೆ ಹಪ್ಪಳ ಮುರಿದಂತೆ ಏಳೆಂಟು ಚೂರಾಗಿ ನೀರಿನ ಮೇಲೆ ತಿರುಗುತ್ತ ಬೇರೆ ಬೇರೆ ದಿಕ್ಕಿಗೆ ಹೋಯಿತು. ಆ ಹಾಳೆಯಲ್ಲಿದ್ದ ಉಳಿದ ಎಲ್ಲವನ್ನೂ ಉಳಿಸಿಕೊಂಡದ್ದು ಹೀಗೆ: ಪೂರ್ತಿ ಹಾಳೆಯ ಮೇಲೆ ಹೊಳಪಿನ ಪಾರದರ್ಶಕ ಲ್ಯಾಕರನ್ನು ತೆಳ್ಳಗೆ ಎರಡು ಸಲ ಸ್ಪ್ರೇ ಮಾಡಿ, ಒಂದು ದಿನ ಒಣಗಿಸಿ, ಆಮೇಲೆ ಒಂದೊಂದನ್ನೂ ಅಂಚಿಗೆ ಸರಿಯಾಗಿ ಕತ್ತರಿಸಿದೆ. ಲ್ಯಾಕರು ಹೊಸ ಪೊರೆಯಾಗಿ ಬಿರುಕುಗಳನ್ನು ಹಿಡಿದಿಡುತ್ತದೆ. ಕತ್ತರಿಸುವುದು ಈಗ ಅಗತ್ಯವಾಗುತ್ತದೆ, ಯಾಕೆಂದರೆ ಪೊರೆ ಇಡೀ ಹಾಳೆಗೆ ಹರಡಿರುತ್ತದೆ. ಯಾವಾಗಲೂ ನಿಮಗೆ ಬೇಡವಾದ ಒಂದು ಅಕ್ಷರವನ್ನು ಮೊದಲು ಅದ್ದಿ ಪರೀಕ್ಷಿಸಿ.

ಡೆಕಾಲಿನ ಕೆಳಗೆ ಬೆಳ್ಳಿಯಂತೆ ಹೊಳೆದರೆ ಅದು ಗಾಳಿ ಸಿಕ್ಕಿಕೊಂಡ ಗುರುತು. ಮೊದಲು ಹೊಳಪಿನ ವಾರ್ನಿಷ್ ಹಚ್ಚಿದ ನುಣ್ಣನೆಯ ಮೇಲ್ಮೈಗೆ ಡೆಕಾಲ್ ಅಂಟಿಸಿ, ಕೊನೆಯಲ್ಲಿ ಮಂದ ವಾರ್ನಿಷ್ ಹಚ್ಚಿದರೆ ಇದು ಬರುವುದಿಲ್ಲ.

ಕೆಲವು ಭಾಗಗಳೇ ಇಲ್ಲ. ಏನು ಮಾಡಲಿ?

ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳನ್ನು, ಅಂದರೆ ಸ್ಪ್ರೂಗಳನ್ನು, ಎಂದೂ ಎಸೆಯಬೇಡಿ. ಒಂದು ಗೇಣು ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಗೆ ತಾಗದಂತೆ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಿದ್ದರೆ ನಡುವೆ ಮೆತ್ತಗಾಗುತ್ತದೆ; ಆಗ ಹೊರತೆಗೆದು ಎರಡೂ ಕೈಯಿಂದ ಎಳೆದರೆ ಮಲ್ಲಿಗೆಯ ನಾರಿಗಿಂತ ಸಣ್ಣನೆಯ ಎಳೆ ಬರುತ್ತದೆ. ಆಂಟೆನಾ ತಂತಿ, ವೇಗ ಅಳೆಯುವ ಪಿಟಾಟ್ ಕೊಳವೆ, ಬಂದೂಕಿನ ನಳಿಗೆ ಎಲ್ಲಕ್ಕೂ ಅದೇ ಸಾಕು. ಕ್ಯಾನಪಿ ಕಳೆದಿದ್ದರೆ ಅದೇ ಆಕಾರದ ಮರದ ತುಂಡು ಕೆತ್ತಿ ನಯಗೊಳಿಸಿ, ನೀರಿನ ಖಾಲಿ ಬಾಟಲಿಯ ನಯವಾದ ಭಾಗದೊಳಗೆ ಬಿಗಿಯಾಗಿ ಸೇರಿಸಿ, ಹೊರಗಿನಿಂದ ಬಿಸಿ ಗಾಳಿ ಕೊಟ್ಟರೆ ಬಾಟಲಿ ಕುಗ್ಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೂರನೆಯ ನಾಲ್ಕನೆಯ ಪ್ರಯತ್ನದಲ್ಲಿ ಚೆನ್ನಾಗಿ ಬರುತ್ತದೆ.

ಜರ್ಮನ್ ವಿಮಾನದ ಬಾಲದ ಗುರುತು ಪೆಟ್ಟಿಗೆಯಲ್ಲಿ ಏಕೆ ಇಲ್ಲ?

ಜರ್ಮನಿಯ ಕಾನೂನು ನಾಜಿ ಚಿಹ್ನೆಯ ಬಳಕೆಯನ್ನು ನಿರ್ಬಂಧಿಸಿರುವುದರಿಂದ ಅನೇಕ ತಯಾರಕರು ಅದನ್ನು ಬಿಡುತ್ತಾರೆ ಅಥವಾ ತುಂಡು ಮಾಡಿ ಮುದ್ರಿಸುತ್ತಾರೆ. ಹೊಸ್ತಿಲಿಗೆ ಸ್ವಸ್ತಿಕ ಬರೆಯುವ ಮನೆಯ ಮಗು ಇದೇನೆಂದು ಕೇಳಿದಾಗ, ಶುಭದ ಚಿಹ್ನೆಯೊಂದನ್ನು ಕಿತ್ತುಕೊಂಡು ಜನಾಂಗಹತ್ಯೆಯ ಬಾವುಟಕ್ಕೆ ಹಾಕಿದರು ಎಂಬುದನ್ನು ಮರೆಮಾಚದೆ ಹೇಳಬೇಕು. ನಾನು ಅದನ್ನು ಅಂಟಿಸುವುದಿಲ್ಲ.

ಮಕ್ಕಳಿಗೆ ಕೊಡಬಹುದೇ?

ಹತ್ತು ವರ್ಷ ದಾಟಿದವರಿಗೆ, ದೊಡ್ಡವರು ಪಕ್ಕದಲ್ಲಿದ್ದಾಗ ಕೊಡಬಹುದು. ಅಂಟಿನ ಮತ್ತು ಥಿನ್ನರಿನ ಕೆಲಸ ಕಿಟಕಿ ತೆರೆದ ಕೋಣೆಯಲ್ಲೇ ನಡೆಯಲಿ. ಪೆಟ್ಟಿಗೆಯೊಡನೆ ಬಂದ ಹಳೆಯ ಬಣ್ಣದ ಡಬ್ಬಿಗಳಲ್ಲಿ ಸೀಸ ಇರಬಹುದಾದ್ದರಿಂದ ಅವು ಮಕ್ಕಳ ಕೈಗೆ ಬೇಡ. ಮೊದಲ ಕಿಟ್ ಎರಡು ಮೂರು ಬಣ್ಣದ ಪ್ಲಾಸ್ಟಿಕ್ಕಿನ ಮ್ಯಾಚ್‌ಬಾಕ್ಸ್ ಆದರೆ ಬಹಳ ಒಳ್ಳೆಯದು.

ದಸರಾ ಗೊಂಬೆಗಳ ಜೊತೆ ಇಡಬಹುದೇ? ವರ್ಷವಿಡೀ ಹೇಗೆ ಕಾಪಾಡಬೇಕು?

ಗೊಂಬೆ ಕೂರಿಸುವವರು ಪಟ್ಟದ ಗೊಂಬೆಗಳ ಕೆಳಗೆ ಉದ್ಯಾನ, ಸಂತೆ, ರೈಲು ಎಲ್ಲವನ್ನೂ ಇಡುತ್ತಾರೆ, ವಿಮಾನಕ್ಕೂ ಜಾಗವಿದೆ. ಆದರೆ ದೀಪದಿಂದ ಎರಡು ಮೊಳ ದೂರವಿರಲಿ. ಎಣ್ಣೆದೀಪದ ಬಿಸಿಗೆ ರೆಕ್ಕೆಯ ತುದಿ ಬಾಗುತ್ತದೆ, ಅದರ ಹೊಗೆಯ ಜಿಡ್ಡು ಮಂದ ಬಣ್ಣದ ಮೇಲೆ ಕೂತರೆ ಧೂಳು ಅದಕ್ಕೆ ಅಂಟಿ ಮತ್ತೆ ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಗಾಜಿನ ಬಾಗಿಲಿನ ಬೀರುವಿನಲ್ಲಿ, ನೇರ ಬಿಸಿಲು ಬೀಳದ ಗೋಡೆಯ ಕಡೆಗೆ ಇಡಿ. ಮೆತ್ತನೆಯ ರಬ್ಬರಿನಂಥ ಟೈರುಗಳಿರುವ ಕಿಟ್ ಆದರೆ ಟೈರು ಮತ್ತು ಪ್ಲಾಸ್ಟಿಕ್ ಚಕ್ರದ ನಡುವೆ ಬಣ್ಣದ ಅಥವಾ ವಾರ್ನಿಷ್ಷಿನ ಪದರವಿರಬೇಕು. ಇಲ್ಲದಿದ್ದರೆ ಟೈರಿನಿಂದ ಒಸರುವ ಅಂಶ ಕೆಲವು ವರ್ಷಗಳಲ್ಲಿ ಚಕ್ರವನ್ನು ಕರಗಿಸುತ್ತದೆ. ಧೂಳು ತೆಗೆಯಲು ಒಣಗಿದ ದಪ್ಪ ಮೃದು ಕುಂಚ ಸಾಕು. ಮೂತಿಯಿಂದ ಬಾಲದ ಕಡೆಗೆ ಸವರಿ, ಆಂಟೆನಾ ತಂತಿಯ ಹತ್ತಿರ ಬಂದಾಗ ಕುಂಚವನ್ನು ಎತ್ತಿ ದಾಟಿಸಿ.